ರವಿಯ ಗಿಟಾರಿಗೆ ಸಾಗವಾನಿ

ಗಂಗಾವತಿಯ ಆರ್ಕೆಸ್ಟ್ರಾದವರ ಟೆಂಪೊ ಉರುಳಿಬಿದ್ದಾಗ ಗಿಟಾರಿನ ಕತ್ತು ಎರಡು ತುಂಡಾಯಿತು. ಅದನ್ನು ನುಡಿಸುತ್ತಿದ್ದ ರವಿಕುಮಾರನೂ ಅಂದೇ ತೀರಿಕೊಂಡ. ಯಲಬುರ್ಗಾದಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಅವನ ಹೆಂಡತಿ ಹೇಮಾ ತುಂಡುಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದಳು. 2008ರ ಬೇಸಿಗೆಯ ಆರಂಭದಲ್ಲಿ ಯಾಕೋ ತಡೆಯಲಾಗದೆ ಇಳಿಸಿ, ಬಡಿಗ ಶಬ್ಬೀರಸಾಬನ ಬಳಿಗೆ ಒಯ್ದಳು. ಬಾಗಿಲು, ಕಿಟಕಿ ಮಾಡುವ ಅವನು ಭಜನೆಯವರ ಹಾರ್ಮೋನಿಯಂ ಕೆಟ್ಟರೂ ರಿಪೇರಿ ಮಾಡಿಕೊಡುತ್ತಿದ್ದ.

"ಗಿಟಾರ ನಾ ಒಮ್ಮಿನೂ ಮಾಡಿಲ್ರಿ ಟೀಚರ್ರ," ಎಂದ ಶಬ್ಬೀರಸಾಬ. "ಅಂಟು ಹಚ್ಚಿದ್ರ ನಿಲ್ಲಂಗಿಲ್ಲ, ಹೊಸಾ ಕತ್ತೇ ಕೂಡಿಸಬೇಕು. ಕಟಗಿ ಎಂಥಾದ್ದು ಹಾಕೋದು, ಅದೇ ಚಿಂತಿ."

"ಜಾಲಿ ಗಟ್ಟಿ ಇರ್ತೈತಲ್ರಿ?"

"ಭಾಳ ಭಾರರಿ. ಕತ್ತಿನ ಕಡೀಗೇ ಜೋತು ಬೀಳ್ತೈತಿ. ಬೇವು ತಿರುಚಿಕೊಳ್ತೈತಿ. ಗಂಗಾವತಿಯಿಂದ ಸಾಗವಾನಿ ತರಬಹುದು, ಆದ್ರ ಅದು ಹಸೀದು. ಆರು ತಂತಿ ಯಾವಾಗಲೂ ಜಗ್ಗತಿರ್ತಾವ, ಹಸೀ ಕಟಗಿ ಒಂದ ಬ್ಯಾಸಗ್ಯಾಗ ಬಾಗಿಬಿಡ್ತೈತಿ. ಗಂಟು ಇರಬಾರ್ದು, ಎಳಿ ಈ ತುದಿಯಿಂದ ಆ ತುದಿತನಾ ನೆಟ್ಟಗ ಹೋಗಿರಬೇಕು. ಯಾರದರ ಮನ್ಯಾಗ ಹಳೇ ಸಾಗವಾನಿ ಐತೇನು ನೋಡ್ರಿ."

ಹೇಮಾಳಿಗೆ ತಟ್ಟನೆ ನೆನಪಾದದ್ದು ಸಿದ್ದಾಪುರದ ಅತ್ತೆಮನೆಯ ಸಾಗವಾನಿ ಮಂಚ. ಅತ್ತೆ ಮುದುಕಮ್ಮನ ಮದುವೆಗೆ ತವರಿನವರು ಕೊಟ್ಟದ್ದು. ಆದರೆ ಕೇಳುವುದು ಹೇಗೆ? "ಗದ್ದಿ ಬಿಟ್ಟು ಮಂದಿ ಮದುವ್ಯಾಗ ಬಾರಿಸ್ಕೋಂತ ಅಡ್ಡಾಡ್ತಾನ" ಎಂದು ಮುದುಕಮ್ಮ ಗಿಟಾರನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಊರಿಗೆ ಬಂದಾಗಲೆಲ್ಲ ರವಿ ಅದನ್ನು ಗೆಳೆಯನ ಮನೆಯಲ್ಲಿ ಇಟ್ಟು ಬರುತ್ತಿದ್ದ.

ಕೊನೆಗೆ ಒಂದು ಭಾನುವಾರ ಬಸ್ಸು ಹತ್ತಿ ಹೋದಳು. ಚಹಾ ಕುಡಿದು, ಲೋಟ ತೊಳೆದಿಟ್ಟು, ಹೇಗೋ ಬಾಯಿಬಿಟ್ಟಳು. ಮುದುಕಮ್ಮ ಎದ್ದಳು. ಒಳಗೆ ಹೋಗಿ ಮಂಚದ ಮೇಲಿನ ಗಾದಿಯನ್ನು ಸುತ್ತಿ ನೆಲಕ್ಕೆ ಹಾಕಿದಳು.

"ಬಡಿಗ್ಯಾನ್ನ ಕರಕೊಂಡು ಬಾ," ಎಂದಳು.

ಶಬ್ಬೀರಸಾಬ ಬಂದು ಮಂಚ ಬಿಚ್ಚಿದ. ಒಂದು ಬದಿಯ ಪಟ್ಟಿ ಒಳಗೇ ಸೀಳಿತ್ತು. ಇನ್ನೊಂದನ್ನು ಬೆರಳಿನಿಂದ ಬಡಿದು ನೋಡಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಸ್ವಲ್ಪ ಉಜ್ಜುಗೊರಡು ಹೊಡೆದ. ಕಪ್ಪು ಮೇಲ್ಮೈ ಕೆಳಗೆ ಜೇನುಬಣ್ಣದ ಎಳೆಗಳು ನೇರವಾಗಿ ಓಡಿದ್ದವು.

"ಆಗತೈತ್ರಿ ಅವ್ವಾರ. ಆದ್ರ ನಿಮ್ಮ ಮಂಚ ಹೋಗತೈತಿ."

"ಹೋಗಲಿ."

ಶಾಲೆ ಬಿಟ್ಟ ಮೇಲೆ ಹೇಮಾ ದಿನಾ ಬಡಿಗನ ಅಂಗಡಿಗೆ ಹೋಗಿ ನಿಲ್ಲುತ್ತಿದ್ದಳು. ಮುರಿದ ಕತ್ತಿನ ಅಳತೆಯಂತೆಯೇ ಹೊಸದು ರೂಪುಗೊಳ್ಳುತ್ತಿತ್ತು. ಹಳೆಯದರ ಹಿಂಬದಿಯಲ್ಲಿ ರವಿಯ ಹೆಬ್ಬೆರಳು ತಾಗಿ ತಾಗಿ ಪಾಲಿಶ್ ಹೋಗಿ ನುಣುಪಾಗಿತ್ತು. ಅವಳು ಅದನ್ನು ತೋರಿಸಿದಳು.

"ಇದನ್ನೂ ಹಂಗ ಮಾಡಾಕ ಬರತೈತೇನ್ರಿ?"

ಶಬ್ಬೀರಸಾಬ ಆ ಜಾಗವನ್ನು ಸವರಿ ನೋಡಿದ. "ಮಾಡಬಹುದ್ರಿ. ಆದ್ರ ಅದು ಅವರ ಕೈಯಾಂದು ಅಲ್ಲಲ್ಲ," ಎಂದ.

ಕತ್ತು ಕೂಡಿಸಿ, ಹಾರ್ಮೋನಿಯಂ ಜೊತೆ ಶ್ರುತಿ ಹೊಂದಿಸಿ ಅವನು ತಂತಿ ಬಿಗಿದುಕೊಟ್ಟ. ಮರುದಿನವೇ ಅವಳು ಸಿದ್ದಾಪುರಕ್ಕೆ ಹೋಗಿ ಗಿಟಾರನ್ನು ಅತ್ತೆಯ ಮುಂದೆ ಗಾದಿಯ ಮೇಲಿಟ್ಟಳು. ಮುದುಕಮ್ಮ ಮೊದಲು ಮರವನ್ನು ಸವರಿದಳು. ಆಮೇಲೆ ಒಂದು ತಂತಿ ಮುಟ್ಟಿದಳು. ಸದ್ದಿಗೆ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವ ಹೆಂಗ ಬಾರಸ್ತಿದ್ದ ಹೇಮಾ? ನಾ ಕೇಳೇ ಇಲ್ಲ."

ರವಿ ಅವಳಿಗೆ ಕಲಿಸಿದ್ದು ಒಂದೇ ಒಂದು ಧಾಟಿ. ಅದೂ ಅರ್ಧ. ತಡವರಿಸುತ್ತ ನುಡಿಸಿದಳು. ಬೆರಳ ತುದಿ ಉರಿಯಿತು, ಎರಡು ಕಡೆ ತಪ್ಪಿತು.

"ಹಿಂಗಲ್ಲ ಅತ್ತಿ," ಎಂದಳು ಕಣ್ಣೊರೆಸಿಕೊಂಡು. "ಇದಕ್ಕಿಂತ ಭಾಳ ಛಲೋ ಬಾರಸ್ತಿದ್ರು."

"ಇರಲಿ," ಎಂದು ಮುದುಕಮ್ಮ ಹತ್ತಿರಕ್ಕೆ ಸರಿದಳು. "ನಿನಗ ಬಂದಷ್ಟು ಬಾರಸು. ಇನ್ನೊಮ್ಮಿ."