ನಾಲ್ಕು ಸುತ್ತು ಹೆಚ್ಚಿಗೆ

ನವನಗರದಲ್ಲಿ ಸೊಳ್ಳೆ ಕಡಿಮೆಯಾಗಿವೆ ಎಂದು ಬಸವಕಿರಣ ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದ. ಚಹಾದಂಗಡಿಯಲ್ಲಿ ಹೇಳಿದ, ಬೀಗರ ಮನೆಯ ಮದುವೆಯಲ್ಲಿ ಹೇಳಿದ, ಯಾರಾದರೂ ಪಾಲಿಕೆಯವರನ್ನು ಬೈಯುತ್ತಿದ್ದರೆ ನಡುವೆ ಬಾಯಿ ಹಾಕಿಯೂ ಹೇಳಿದ. “ಮೊದಲಿನಂಗ ಕಿವ್ಯಾಗ ಗುಂಯ್ ಅನ್ನೂದಿಲ್ಲ ನೋಡ್ರಿ ಈಗ. ಔಷಧ ಹೊಡದಾರ, ಖರೇನ.” ಹಾಗೆ ಹೇಳುವಾಗಲೂ ಮೊಣಕೈ ಕೆರೆದುಕೊಳ್ಳುತ್ತಿದ್ದ. ಅವನ ಹೆಂಡತಿ ವಾಣಿಶ್ರೀ ಆ ಕೈಮೇಲಿನ ಕೆಂಪು ದದ್ದುಗಳನ್ನು ನೋಡಿ ಸುಮ್ಮನಿರುತ್ತಿದ್ದಳು. ಸುಮ್ಮನಿರುವುದು ಅವಳ ಸ್ವಭಾವವೇ ಅಲ್ಲ. ಹಾಲಿಗೆ ನೀರು ಬೆರೆತರೆ ಹಾಲಿನವನ ಮೂರು ತಲೆಮಾರು ಜಾಲಾಡುವ ಹೆಂಗಸು ಆಕೆ. ಆದರೆ ಈ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ತಗಡಿನ ಶೆಡ್ಡು. ಒಂದು ಮಗ್ಗುಲಿಗೆ ಬೋಲ್ಟು ಕೊರೆಯುವವರು, ಇನ್ನೊಂದು ಮಗ್ಗುಲಿಗೆ ದನದ ಹಿಂಡಿ ಮಾಡುವವರು. ಈ ಗದ್ದಲದ ನಡುವೆ ಗಂಡ ಹೆಂಡತಿ ಇಬ್ಬರೂ ಕೂಡಿ ಎಲೆಕ್ಟ್ರಿಕ್ ಸಿತಾರು ಮಾಡುತ್ತಿದ್ದರು. ಸೋರೆ ಬುರುಡೆಯಿಲ್ಲದ, ತೊಡೆಯ ಮೇಲೆ ತೆಳ್ಳಗೆ ಕೂರುವ ಸಾಗವಾನಿಯ ಸಿತಾರು. ಬಸವಕಿರಣ ಮೊದಲು ಫೌಂಡ್ರಿಗಳಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದವನು. ಇಪ್ಪತ್ತೈದು ವರ್ಷ ಕಟಿಂಗ್ ಮಶೀನಿನ ಪಕ್ಕದಲ್ಲೇ ನಿಂತು ಕೆಲಸ ಮಾಡಿದ. ಕಿವಿಗೆ ಹತ್ತಿ ಇಟ್ಟುಕೋ ಎಂದರೆ, “ಕಿವಿ ಮುಚ್ಚಿಕೊಂಡ್ರ ಕಟಗಿ ಏನ್ ಹೇಳತೈತಿ ಅಂತ ಹೆಂಗ ತಿಳೀಬೇಕು?” ಎಂದು ನಗುತ್ತಿದ್ದ. ವಾಣಿಶ್ರೀ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದೆ ಸುಟ್ಟ ಮೋಟಾರು ಕಟ್ಟಿಕೊಡುವವರ ಮಗಳು. ತಾಮ್ರದ ಎಳೆ ಹಿಡಿದು ಬೆಳೆದವಳು. ಹೀಗಾಗಿ ಮರ ಅವನ ಪಾಲಿಗೆ, ತಾಮ್ರ ಸುತ್ತುವ ಕಾಯಿಲು ಇವಳ ಪಾಲಿಗೆ ಬಂದವು.

ಸಿತಾರಿನ ಕೆಲಸದಲ್ಲಿ ಮರಕ್ಕಿಂತಲೂ ಕಠಿಣವಾದದ್ದು ಜವಾರಿ. ತಂತಿಗಳು ಹಾದುಹೋಗುವ ಎಲುಬಿನ ಕುದುರೆಯನ್ನು ಕಾಣಿಸಿಯೂ ಕಾಣಿಸದಷ್ಟು ಇಳಿಜಾರಾಗಿ ಅರದಿಂದ ಉಜ್ಜಬೇಕು. ಮೀಟಿದ ತಂತಿ ಆ ಇಳಿಜಾರಿಗೆ ತಾಗಿಯೂ ತಾಗದಂತೆ ನಡುಗಿದಾಗ ಏಳುವ ಝೇಂಕಾರವೇ ಜವಾರಿ. ಅದಿಲ್ಲದಿದ್ದರೆ ಸಿತಾರು ಸಿತಾರಲ್ಲ. ದನಿ ಮುಚ್ಚಿಕೊಂಡಿದ್ದರೆ ಇನ್ನಷ್ಟು ಉಜ್ಜಿ ತೆರೆಯಬೇಕು, ತೆರೆದದ್ದು ಅತಿಯಾದರೆ ತಗಡು ಕೆರೆದಂತಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಅಳತೆಗೋಲು ಯಾವುದೂ ಇಲ್ಲ. ಕಿವಿಯೇ ಹೇಳಬೇಕು. ಬಸವಕಿರಣನ ಕಿವಿ ಹೇಳುತ್ತಿತ್ತು. ಬಂಗಾರದ ಕಿವಿ ಎಂದು ಧಾರವಾಡದ ಸಿತಾರಿನವರೆಲ್ಲ ಅವನನ್ನು ಹೊಗಳುತ್ತಿದ್ದರು. ಅವನು ಅದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದ.

ಮೂರು ವರ್ಷದ ಹಿಂದೆ ಬೆಳಗಾವಿಯಿಂದ ಬಂದ ಒಬ್ಬ ವಾದಕರು ತಮ್ಮ ಹೊಸ ಸಿತಾರಿನ ದನಿ ಚೂಪಾಗಿದೆ, ಹಲ್ಲು ಜುಮ್ಮೆನ್ನುತ್ತದೆ ಎಂದರು. ವಾಣಿಶ್ರೀಗೂ ಹಾಗೇ ಅನಿಸಿತ್ತು, ಅಂದಳು ಕೂಡ. ಬಸವಕಿರಣ ಇಬ್ಬರ ಮೇಲೂ ಹರಿಹಾಯ್ದ. ಆ ರಾತ್ರಿ ಅವನು ಉಣ್ಣಲಿಲ್ಲ. ಮರುದಿನ ಗೋಡೆಯ ಕಡೆ ಮುಖ ಮಾಡಿ ಕುಳಿತು ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟಿ ಕೇಳುತ್ತಿದ್ದ ಗಂಡನನ್ನು ಕಂಡು, ಆ ಚೂಪು ಅವನಿಗೆ ಕೇಳುವುದೇ ಇಲ್ಲವೆಂದು ಅವಳಿಗೆ ಹೊಳೆಯಿತು. ಈ ಮನುಷ್ಯನಿಂದ ಕಿವಿಯನ್ನು ಕಿತ್ತುಕೊಂಡರೆ ಉಳಿಯುವುದೇನು ಎಂದು ಭಯವಾಯಿತು. ಅಂದಿನಿಂದ ಅವಳು ಆ ಮಾತು ಎತ್ತಲಿಲ್ಲ. ಅದರ ಬದಲು ಕಾಯಿಲಿಗೆ ನಾಲ್ಕು ಸುತ್ತು ಹೆಚ್ಚಿಗೆ ಹಾಕಿದಳು.

ನಾಲ್ಕು ಎಂಬುದು ಮಾತಿಗೆ. ತಂತಿಗಳ ಕೆಳಗೆ ಕೂರುವ ಪಿಕಪ್ಪಿನಲ್ಲಿ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯನ್ನು ಸಾವಿರಗಟ್ಟಲೆ ಸುತ್ತಿರುತ್ತಾರೆ. ತಂತಿಯ ನಡುಕವನ್ನು ಸ್ಪೀಕರಿಗೆ ಮುಟ್ಟಿಸುವುದು ಆ ಕಾಯಿಲು. ಸುತ್ತು ಹೆಚ್ಚಾದಷ್ಟೂ ದನಿ ದಪ್ಪವಾಗುತ್ತದೆ, ಮೇಲಿನ ಚೂಪು ಸಾಯುತ್ತದೆ. ಅವನ ಜವಾರಿಯ ಚೂಪನ್ನು ಅವಳ ಕಾಯಿಲು ನುಂಗಿತು, ಗಿರಾಕಿಗಳು ಸುಮ್ಮನಾದರು. ಉಪಾಯ ಫಲಿಸಿತೆಂದು ಅವಳು ಹಿಗ್ಗಿದಳು. ಆದರೆ ಬಸವಕಿರಣ ಕೊನೆಯ ಉಜ್ಜುವಿಕೆಯನ್ನು ಸ್ಪೀಕರಿಗೆ ಹಚ್ಚಿಯೇ ಮಾಡುತ್ತಿದ್ದ. ಅವನಿಗೆ ಅಲ್ಲಿ ದನಿ ಮಂದವೆನಿಸಿತು, ಮುಂದಿನ ಸಿತಾರಿಗೆ ಇನ್ನಷ್ಟು ಉಜ್ಜಿದ. ಅದು ಇನ್ನಷ್ಟು ಚೂಪಾಯಿತು, ಅವಳು ಇನ್ನಷ್ಟು ಸುತ್ತಿದಳು. ಒಂದೇ ಶೆಡ್ಡಿನಲ್ಲಿ, ಬೆನ್ನಿಗೆ ಬೆನ್ನು ಹಚ್ಚಿ ಕುಳಿತು, ಮೂರು ವರ್ಷ ಹೀಗೇ ನಡೆಯಿತು.

ಅದನ್ನು ಬಯಲಿಗೆಳೆದವಳು ಅಬೀದಾ. ಧಾರವಾಡದಲ್ಲಿ ಮಕ್ಕಳಿಗೆ ಸಿತಾರು ಕಲಿಸುವ ಹುಡುಗಿ. ಸ್ಕೂಟರಿನಿಂದ ಬಿದ್ದು ಭುಜ ಮುರಿದುಕೊಂಡ ಮೇಲೆ ಅವಳಿಗೆ ಬುರುಡೆಯ ದೊಡ್ಡ ಸಿತಾರು ಅಪ್ಪಿ ಹಿಡಿಯಲು ಆಗುತ್ತಿರಲಿಲ್ಲ. ಅವಳ ತಂದೆಯೂ ಸಿತಾರು ನುಡಿಸುತ್ತಿದ್ದರು, ತೀರಿಕೊಂಡು ವರ್ಷವಾಗಿತ್ತು. ಭಾನುವಾರ ಅವರ ನೆನಪಿನ ಬೈಠಕ್ಕು, ಮಗಳು ನುಡಿಸಬೇಕು. ಬುಧವಾರ ಹೊಸ ಸಿತಾರು ಒಯ್ದವಳು ಗುರುವಾರ ಬೆಳಿಗ್ಗೆಯೇ ಅದನ್ನು ಹೊತ್ತುಕೊಂಡು ಶೆಡ್ಡಿಗೆ ಬಂದಳು.

“ತಪ್ಪ ತಿಳ್ಕೋಬ್ಯಾಡ್ರಿ ಕಾಕಾ,” ಎಂದಳು. “ಮುಂಜಾನೆ ಮಂದಿ ಮಲಗಿರ್ತಾರಂತ ಸ್ಪೀಕರ್ ಹಚ್ಚದ ರಿಯಾಜ್ ಮಾಡಿದೆ. ಬರೇ ತಂತಿ ಕೇಳಿದ್ರ ಚೀರತೈತಿ. ಸ್ಪೀಕರಿಗೆ ಹಚ್ಚಿದ್ರ ಕಂಬಳಿ ಹೊಚ್ಚಿದಂಗ ಆಗತೈತಿ. ಒಂದ ಸಿತಾರ್‌ದಾಗ ಎರಡು ಸಿತಾರ್ ಅದಾವ್ರಿ, ಎರಡೂ ನನಗ ಬ್ಯಾಡಾಗ್ಯಾವ.”

ಬಸವಕಿರಣ ಸಿತಾರು ತೆಗೆದುಕೊಂಡು ಎರಡೂ ರೀತಿ ಮೀಟಿ ಕೇಳಿದ. ಚೀರುವುದು ಅವನಿಗೆ ಕೇಳಲಿಲ್ಲ, ಕಂಬಳಿ ಮಾತ್ರ ಕೇಳಿತು. “ಜವಾರಿ ಸರಿ ಐತಿ. ಕಾಯಿಲ್ ಮಂದ ಆಗೇತಿ,” ಎಂದು ಹೆಂಡತಿಯ ಕಡೆ ತಿರುಗಿದ. “ಏನ್ ಮಾಡೀದಿ ವಾಣಿ? ಕೈ ತಪ್ಪೇತೇನು?”

“ತಪ್ಪಿರಬೇಕ್ರಿ,” ಎಂದಳು ವಾಣಿಶ್ರೀ. ಮೋಟಾರು ಕಟ್ಟುವವರ ಮಗಳಿಗೆ ಸುತ್ತು ತಪ್ಪಿತೆಂದು ಒಪ್ಪಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಶನಿವಾರದೊಳಗೆ ಸರಿ ಮಾಡಿ ಕೊಡುತ್ತೇವೆಂದು ಹೇಳಿ ಅಬೀದಾಳನ್ನು ಕಳಿಸಿದರು.

ಶುಕ್ರವಾರ ವಾಣಿಶ್ರೀ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬರುವ ಹೊತ್ತಿಗೆ ಬಸವಕಿರಣ ಮೀಟರು ಹಿಡಿದು ಕುಳಿತಿದ್ದ. ಕಾಯಿಲಿನ ಎರಡು ತುದಿಗೆ ಮೀಟರು ಹಚ್ಚಿದರೆ ಅದರಲ್ಲಿ ಎಷ್ಟು ತಾಮ್ರವಿದೆ ಎಂದು ತಿಳಿಯುತ್ತದೆ, ಸುತ್ತು ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು. ಅವನ ಮುಂದೆ ಮೂರು ಸಿತಾರು ಸಾಲಾಗಿ ಮಲಗಿದ್ದವು. ಗೋಡೆಗೆ ತೂಗುಹಾಕಿದ್ದ ಅವರ ಮೊಟ್ಟಮೊದಲ ಸಿತಾರು, ಸ್ವರದ ಮೆಟ್ಟಿಲು ಬದಲಿಸಲೆಂದು ಗದಗಿನಿಂದ ಬಂದಿದ್ದ ಹೋದ ವರ್ಷದ್ದು, ಮತ್ತು ಅಬೀದಾಳದು.

“ಇಲ್ಲಿ ನೋಡು,” ಎಂದ ಅವನು. “ಇದರಕಿಂತ ಇದರಾಗ ಹೆಚ್ಚ ಐತಿ. ಇದರಕಿಂತ ಅದರಾಗ ಇನ್ನೂ ಹೆಚ್ಚ ಐತಿ. ಕೈ ತಪ್ಪಿದ್ರ ಒಮ್ಮೆ ಹೆಚ್ಚ ಆಗತೈತಿ, ಒಮ್ಮೆ ಕಮ್ಮಿ ಆಗತೈತಿ. ಇದು ಏರಿಕೋತ ಹೊಂಟೈತಿ. ನೀ ಬೇಕಂತ ಮಾಡೀದಿ.”

ವಾಣಿಶ್ರೀ ಒಂದು ಸುಳ್ಳಿಗಾಗಿ ಸುತ್ತಮುತ್ತ ನೋಡಿದಳು. ಮಶೀನಿನ ತಪ್ಪು ಎನ್ನಬಹುದಿತ್ತು, ತಾಮ್ರದ ಎಳೆ ಕಳಪೆ ಎನ್ನಬಹುದಿತ್ತು. ಡಬ್ಬಿ ಕೆಳಗಿಟ್ಟಳು.

“ಹೌದ್ರಿ.”

“ಯಾಕ?”

“ನಿಮ್ಮ ಜವಾರಿ ಚೂಪ ಆಗಾಕತ್ತಿತ್ತು.”

“ಮತ್ತ ನನಗ ಹೇಳಬೇಕಿಲ್ಲೇನು?”

“ಬೆಳಗಾವಿಯವರು ಬಂದಾಗ ಹೇಳಿದ್ನಲ್ರಿ. ಅವರಿಗೆ ಕಿವಿ ತೋರಸ್ಕೋಳ್ರಿ ಅಂದ್ರಿ. ನನಗ ಕಾಯಿಲ್ ಸುತ್ತೂದು ಬಿಟ್ರ ಏನ್ ತಿಳೀತೈತಿ ಅಂದ್ರಿ.” ಅವಳು ಕೆಳಗಿಟ್ಟ ಡಬ್ಬಿಯ ಕಡೆ ನೋಡಿದಳು. “ಆಮ್ಯಾಲ ನೀವು ಉಣಲಿಲ್ಲ.”

ಬಸವಕಿರಣ ಎದ್ದು ನಿಂತ. ಮೀಟರನ್ನು ಮೇಜಿನ ಮೇಲೆ ಕುಕ್ಕಿದ. ತನ್ನ ಕೆಲಸಕ್ಕೆ ಮಣ್ಣು ಹಾಕಿದಳೆಂದ, ಊರವರೆದುರು ತನ್ನನ್ನು ಹುಚ್ಚನನ್ನಾಗಿ ಮಾಡಿದಳೆಂದ, ಮೂರು ವರ್ಷ ಒಂದೇ ತಾಟಿನಲ್ಲಿ ಉಂಡು ಹೀಗೆ ಮಾಡಬಹುದೇ ಎಂದ. ಪಕ್ಕದ ಶೆಡ್ಡಿನವರು ಬೋಲ್ಟು ಕೊರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟದ್ದು ವಾಣಿಶ್ರೀಗೆ ಗೊತ್ತಾಯಿತು. ಅವನಿಗೆ ಗೊತ್ತಾಗಲಿಲ್ಲ.

ಬೈದು ಬೈದು ಸುಸ್ತಾಗಿ ಅವನು ಸ್ಟೂಲಿನ ಮೇಲೆ ಕುಳಿತ. ಮೂರು ಸಿತಾರುಗಳ ಮೇಲೂ ಕಣ್ಣಾಡಿಸಿ, ತನಗೇ ಲೆಕ್ಕ ಒಪ್ಪಿಸುವವನಂತೆ ಮಾತಾಡಿದ.

“ಮಂದ ಆತಂತ ನಾ ಉಜ್ಜೀನಿ. ಚೂಪ ಆತಂತ ನೀ ಸುತ್ತೀದಿ. ನೀ ಸುತ್ತಿದ್ದಕ್ಕ ನಾ ಮತ್ತ ಉಜ್ಜೀನಿ.” ಬೆರಳು ಮಡಿಸಿ, “ಆದ್ರ ಮೊದಲನೇದು… ಬೆಳಗಾವಿಯವರದು. ಅದಕ್ಕ ನೀ ಹೆಚ್ಚಿಗಿ ಸುತ್ತಿರಲಿಲ್ಲ.”

“ಇಲ್ಲರಿ.”

“ಅಂದ್ರ ಅದು ನಂದ.”

ವಾಣಿಶ್ರೀ ತಲೆಯಾಡಿಸಿದಳು. ಮೂರು ವರ್ಷದಿಂದ ಹೊತ್ತುಕೊಂಡಿದ್ದು ಇಳಿದು ಹಗುರಾಯಿತು, ಆದರೆ ಇಳಿಸಿದ್ದು ಅವನ ಎದೆಯ ಮೇಲೆ ಎಂಬುದನ್ನು ನೆನೆದು ಅವಳಿಗೆ ಅಳು ಬಂತು. ತಾನು ಅಂದೇ ಜಗಳಾಡಿ, ಕೈಹಿಡಿದು ಎಳೆದು ಕಿವಿ ಡಾಕ್ಟರರ ಹತ್ತಿರ ಒಯ್ದಿದ್ದರೆ ಈ ಸಿತಾರುಗಳು ಹೀಗಾಗುತ್ತಿರಲಿಲ್ಲ. ಗಂಡನನ್ನು ಕಾಯುತ್ತೇನೆಂದು ಹೋಗಿ ಅವನ ಕೈಯಿಂದಲೇ ಅವನ ಕೆಲಸ ಕೆಡಿಸಿದ್ದಳು.

ಮಧ್ಯಾಹ್ನದ ಊಟವನ್ನು ಇಬ್ಬರೂ ಮುಟ್ಟಲಿಲ್ಲ. ಅವಳು ಹೊಲಿಗೆ ಮಶೀನಿನ ಮೋಟಾರಿಗೆ ಕಟ್ಟಿದ ರಾಟೆಯ ಮುಂದೆ ಕುಳಿತು ಹೊಸ ಕಾಯಿಲು ಸುತ್ತಿದಳು. ಮೊದಲನೆಯ ಸಿತಾರಿನಲ್ಲಿ ಎಷ್ಟಿತ್ತೋ ಅಷ್ಟೇ, ಒಂದು ಎಳೆಯೂ ಹೆಚ್ಚಿಗೆ ಇಲ್ಲ. ಅವನು ಅಬೀದಾಳ ಸಿತಾರಿನ ಕುದುರೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಅತಿಯಾಗಿ ತೆರೆದದ್ದನ್ನು ಈಗ ತುಸು ಮುಚ್ಚಬೇಕಿತ್ತು, ಇಳಿಜಾರನ್ನು ಮತ್ತೆ ಮೊದಲಿನಿಂದ ಉಜ್ಜಿ ಗುಂಡಗೆ ತರಬೇಕಿತ್ತು. ಎಲುಬು ಅದಕ್ಕೆ ಸಾಲುವಷ್ಟು ದಪ್ಪ ಉಳಿದಿತ್ತು.

“ಬಾ, ಇಲ್ಲಿ ಕುಂದ್ರು,” ಎಂದ. “ನಾ ಉಜ್ಜತೇನಿ. ನೀ ಕೇಳು.”

ಅವಳು ಎದುರಿಗೆ ಕುಳಿತಳು. ಅವನು ಉಜ್ಜಿದ, ತಂತಿ ಏರಿಸಿದ, ಮೀಟಿದ. ಅವಳು ಇನ್ನೂ ಚೂಪು ಎಂದಳು. ತಂತಿ ಇಳಿಸಿದ, ಮತ್ತೆ ಉಜ್ಜಿದ. ಪ್ರತಿ ಸಲ ಮೀಟಿದಾಗಲೂ ಅವನಿಗೆ ಕೇಳುತ್ತಿದ್ದ ಅಷ್ಟಿಷ್ಟು ಝೇಂಕಾರ ಇನ್ನೂ ಕಡಿಮೆಯಾಗುತ್ತಿತ್ತು. ಮುಖದಲ್ಲಿ ಅದು ಕಾಣುತ್ತಿತ್ತು. ಉರಿಯುವ ದೀಪವನ್ನು ತನ್ನ ಕೈಯಿಂದಲೇ ಸಣ್ಣದು ಮಾಡುವವನ ಹಾಗೆ ಅವನು ಅರ ಹಿಡಿದಿದ್ದ. ಆ ಕೈ ಮಾತ್ರ ಹಿಂದಿನಂತೆಯೇ ಇತ್ತು.

ಹೊರಗೆ ಹಿಂಡಿ ಮಿಲ್ಲಿನವರು ಕೆಲಸ ಮುಗಿಸಿ ಬಾಗಿಲು ಎಳೆಯುತ್ತಿದ್ದರು. ಬಸವಕಿರಣ ಮತ್ತೊಮ್ಮೆ ಮೀಟಿದ. ವಾಣಿಶ್ರೀ ಥಟ್ಟನೆ ಕೈಯೆತ್ತಿದಳು.

“ಸಾಕ್ರಿ. ಇನ್ನ ಮುಟ್ಟಬ್ಯಾಡ್ರಿ.”

ಅವನು ಕಿವಿಯನ್ನು ಮರಕ್ಕೆ ಹಚ್ಚಿ ಇನ್ನೊಮ್ಮೆ ಮೀಟಿದ. “ನನಗ ಸತ್ತಂಗ ಕೇಳತೈತಿ ವಾಣಿ. ಏಕತಾರಿ ಬಾರಿಸಿದಂಗ.”

“ನನಗ ಭಾಳ ಛಲೋ ಕೇಳಾಕತ್ತೈತ್ರಿ.”

“ನಿನ್ನ ಮಾತ ನಂಬಿ ಬಿಡಲೇನು?”

ಮೂರು ವರ್ಷ ಮೋಸ ಮಾಡಿದವಳು ಯಾವ ಬಾಯಿಂದ ನಂಬಿ ಎನ್ನಬೇಕು? ಅವನು ಅರವನ್ನು ಬಟ್ಟೆಯಲ್ಲಿ ಒರೆಸಿ, ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಶನಿವಾರ ಅಬೀದಾ ಬಂದಳು. ಮೊದಲು ಸ್ಪೀಕರು ಹಚ್ಚದೆ ನುಡಿಸಿದಳು, ಆಮೇಲೆ ಹಚ್ಚಿ ನುಡಿಸಿದಳು. ಬಸವಕಿರಣ ಸಿತಾರಿನ ಕಡೆ ನೋಡಲಿಲ್ಲ, ತಲೆ ವಾಲಿಸಿ ಕಿವಿಗೊಡಲೂ ಇಲ್ಲ. ಹುಡುಗಿಯ ಮುಖವನ್ನೇ ನೋಡುತ್ತ ನಿಂತಿದ್ದ. ಅವಳು ಕಣ್ಣು ಮುಚ್ಚಿದಳು. ಮುಂದಿಟ್ಟ ಚಹಾ ಆರಿ ಕೆನೆ ಕಟ್ಟಿತು. ನೋಯುವ ಭುಜವನ್ನೂ ಮರೆತು ಅವಳು ತಂತಿ ಜಗ್ಗಿ ಒಂದು ಮೀಂಡನ್ನು ನಿಧಾನವಾಗಿ ಎಳೆದಳು, ಮತ್ತೆ ಎಳೆದಳು. ನಿಲ್ಲಿಸಿದಾಗ ಕಣ್ಣಲ್ಲಿ ನೀರಿತ್ತು.

“ನಮ್ಮ ಅಬ್ಬಾ ಕೇಳಬೇಕಿತ್ರಿ ಇದನ್ನ,” ಎಂದಳು. “ಕಿವಿ ಅಂದ್ರ ನಿಮ್ಮದ ಕಿವಿ ಕಾಕಾ.”

ವಾಣಿಶ್ರೀ ಕೈಯಲ್ಲಿದ್ದ ಕಪ್ಪನ್ನು ಸುಮ್ಮನೆ ಒರೆಸತೊಡಗಿದಳು. ಅವನು ಏನೂ ಹೇಳದೆ ಆ ಹೊಗಳಿಕೆಯನ್ನು ಇಟ್ಟುಕೊಂಡಿದ್ದರೂ ಅವಳಿಗೆ ಬೇಸರವಾಗುತ್ತಿರಲಿಲ್ಲ.

“ಕಿವಿ ನಿಮ್ಮ ಕಾಕೂಂದು ನೋಡವ್ವಾ,” ಎಂದ ಬಸವಕಿರಣ. “ನಂದು ಬರೇ ಕೈ.”

ಅಬೀದಾ ಅದನ್ನು ಚೇಷ್ಟೆ ಎಂದುಕೊಂಡು ನಕ್ಕಳು. ಸಿತಾರನ್ನು ಚೀಲಕ್ಕೆ ಹಾಕಿಕೊಂಡು, ನಾಳೆ ಇಬ್ಬರೂ ತಪ್ಪದೇ ಬರಬೇಕೆಂದು ಹೇಳಿ ಹೋದಳು.

ಸಂಜೆ ನವನಗರದ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತಿದ್ದರು. ಅವಳು ಮೆಂತ್ಯ ಸೋಸುತ್ತಿದ್ದಳು. ಅವನು ರಸ್ತೆ ನೋಡುತ್ತ ಮೊಣಕೈ ಕೆರೆದುಕೊಂಡ. ಕೆರೆದುಕೊಂಡ ಜಾಗವನ್ನು ಬೆಳಕಿಗೆ ತಿರುಗಿಸಿ ನೋಡಿದ.

“ವಾಣಿ, ಇನ್ನೊಂದ ಕೇಳತೇನಿ. ಖರೇ ಹೇಳು.”

“ಹೇಳ್ರಿ.”

“ನಮ್ಮ ನವನಗರದಾಗ ಸೊಳ್ಳಿ ಅದಾವೇನು?”

ಅವನ ಕಿವಿಯ ಹತ್ತಿರವೇ ಒಂದು ಸುತ್ತುತ್ತಿತ್ತು. ಅವಳಿಗೆ ಕುಳಿತಲ್ಲಿಂದಲೇ ಅದು ಕೇಳುತ್ತಿತ್ತು.

“ಅದಾವ್ರಿ,” ಎಂದಳು ವಾಣಿಶ್ರೀ. “ಭಾಳ ಅದಾವ.”