ಸೋದರತ್ತೆಯ ಬೆನ್ನು

ಕಮರಿಪೇಟೆಯ ನಾಗರತ್ನಾ ಫೇಸ್‌ಬುಕ್ಕಿನಲ್ಲಿ ಬಹಳ ಧಾರಾಳಿ. ಬಳಗದವರ ಹುಟ್ಟುಹಬ್ಬ, ಗುರುತಿಲ್ಲದವರ ಗೃಹಪ್ರವೇಶ, ಯಾರದೋ ಮನೆಯ ಬೆಕ್ಕು ಮರಿ ಹಾಕಿದ್ದು, ಎಲ್ಲಕ್ಕೂ ಹಿಂದೆಮುಂದೆ ನೋಡದೆ ಕೆಂಪು ಹಾರ್ಟ್ ಒತ್ತಿಬಿಡುತ್ತಿದ್ದಳು. ಫಿಜಾಳ ಫೋಟೊ ಬಂದಾಗ ಮಾತ್ರ ಬರಿಯ ಹೆಬ್ಬೆಟ್ಟು. ಅದೂ ಒಂದು ತಾಸು ಕಾಯಿಸಿ.

“ಆ ಹುಡುಗಿಗೊಂದು ಹಾರ್ಟ್ ಒತ್ತಿದ್ರ ನಿನ್ನ ಗಂಟೇನು ಹೋಗತೈತಿ?” ಎಂದು ಗಂಡ ರಾಜಶೇಖರ ಕೆಣಕುತ್ತಿದ್ದ.

“ನೀವು ಸುಮ್ಮನ ಚಾ ಕುಡೀರಿ. ನಿಮಗ ತಿಳಿಯಂಗಿಲ್ಲ.”

ತಿಳಿಯದೇ ಏನು? ಕಾರಣ ಇಡೀ ಬಳಗಕ್ಕೇ ಗೊತ್ತಿತ್ತು. ನಮ್ಮ ಕಡೆ ಕೂಸಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ತಂದೆಯ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಮೊದಲು ‘ಕುರ್ರ್’ ಅಂದು, ಆಮೇಲೆ ಹೆಸರು ಉಸುರಬೇಕು. ಉಸುರಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದುತ್ತಾರೆಂದು ಕೇಳಬೇಡಿ. ಅಜ್ಜಿಯರನ್ನು ಕೇಳಿದರೆ ಕೇಳಿದವರಿಗೇ ಒಂದು ಬಿದ್ದೀತು. ಹೆಣ್ಣುಮಕ್ಕಳು ಬೆನ್ನೊಡ್ಡಿ ಸಂತೋಷದಿಂದ ಕಾಯುವ ಗುದ್ದು ಲೋಕದಲ್ಲಿ ಇದೊಂದೇ ಇರಬೇಕು.

ನಾಗರತ್ನಾಳಿಗೆ ಇದ್ದವನು ಒಬ್ಬನೇ ತಮ್ಮ, ಪ್ರಸಾದ. ಅವನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಕಾದು ಕಾದು ಕೊನೆಗೊಂದು ಹೆಣ್ಣುಕೂಸು ಹುಟ್ಟಿತು. ಹುಟ್ಟಿದ್ದು ಮಾತ್ರ ಕೊರೊನಾ ಬಂದ ವರ್ಷ, ಲಾಕ್‌ಡೌನಿನ ನಟ್ಟನಡುವೆ. ಬಾಣಂತಿ ಸೌಮ್ಯಾ ತವರಿಗೆ ಹೋಗುವಂತಿರಲಿಲ್ಲ, ತವರಿನವರು ಬರುವಂತಿರಲಿಲ್ಲ. ಪ್ರಸಾದನ ಮನೆಯಿದ್ದ ರಾಯಾಪುರವೇನು ಏಳು ಸಮುದ್ರದಾಚೆ ಇರಲಿಲ್ಲ, ಬಸ್ಸು ಹತ್ತಿದರೆ ಅರ್ಧ ತಾಸಿನ ದಾರಿ. ಆದರೆ ನಾಗರತ್ನಾಳ ಓಣಿಯಲ್ಲಿ ಯಾರಿಗೋ ಜಡ್ಡು ಬಂದು, ಓಣಿಯ ಬಾಯಿಗೆ ಬಿದಿರಿನ ಗಳ ಕಟ್ಟಿದ್ದರು. ಗಳದ ಆಚೆ ಪೊಲೀಸರು, ಈಚೆ ಕೂಸಿನ ತಲೆಗೆ ಕುಂಚಿಗೆ ಹೊಲಿದಿಟ್ಟುಕೊಂಡು ಕುಳಿತ ಸೋದರತ್ತೆ.

ವಿಡಿಯೊ ಕಾಲ್‌ನಲ್ಲೇ ಹೆಸರಿಡುವುದೆಂದು ತೀರ್ಮಾನವಾಯಿತು. ನಾಗರತ್ನಾ ಇಳಕಲ್ ಸೀರೆ ಉಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಕುಳಿತಳು. ಅತ್ತ ರಾಯಾಪುರದಲ್ಲಿ ಪಕ್ಕದ ಮನೆಯ ಹುಡುಗಿ ಫಿಜಾ ಫೋನನ್ನು ಕೂಸಿನ ಕಿವಿಗೆ ಹಿಡಿದಳು. ನಾಗರತ್ನಾ ‘ಕುರ್ರ್’ ಎನ್ನಲು ಬಾಯಿ ತೆರೆದಳು, ನೆಟ್‌ವರ್ಕ್ ಹೋಯಿತು. ಅಲ್ಲಿಯ ಫೋನಿನಲ್ಲಿ ಅವಳು ಬಾಯಿ ತೆರೆದುಕೊಂಡೇ ನಿಂತುಬಿಟ್ಟಳು. ಕಾದರು, ಫೋನ್ ಅಲುಗಾಡಿಸಿದರು, ಏನೂ ಆಗಲಿಲ್ಲ. ಕೊನೆಗೆ ನಾಗರತ್ನಾಳನ್ನು ಹೆತ್ತ ಈರವ್ವನೇ, “ವ್ಯಾಳೆ ಮೀರತೈತಿ, ನೀನ ಹೇಳಿಬಿಡವಾ ಫಿಜಾ. ನೀನೂ ಪ್ರಸಾದಗ ತಂಗಿ ಇದ್ದಂಗ” ಅಂದಳಂತೆ. ಚಿತ್ರ ಮರಳಿ ಬಂದಾಗ ನಾಗರತ್ನಾಳಿಗೆ ಕಂಡದ್ದು ಫಿಜಾಳ ಬೆನ್ನು, ಅದರ ಮೇಲೆ ಬೀಳುತ್ತಿದ್ದ ಗುದ್ದು. ಸಂಜೆ ಪ್ರಸಾದ ಅದರ ಫೋಟೊವನ್ನೇ ಫೇಸ್‌ಬುಕ್ಕಿಗೆ ಹಾಕಿದ. ಆಗ ಊರಿಗೆಲ್ಲ ಬೇರೆ ಕೆಲಸವಿರಲಿಲ್ಲ, ಲೈಕುಗಳ ಸುರಿಮಳೆಯಾಯಿತು.

ನಾಗರತ್ನಾ ಅಂದು ಉಣ್ಣಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚು, ದುಃಖ ಎಂದರೆ ದುಃಖ, ಎರಡೂ ಇದ್ದವು.

ಓಣಿ ತೆರೆಯುವ ತನಕ ಅವಳ ಜೀವ ಹಿಡಿದದ್ದು ಸೌಮ್ಯಾಳ ನಂಬರಿನಿಂದ ವಾಟ್ಸಾಪಿಗೆ ಬರುತ್ತಿದ್ದ ಪುಟ್ಟ ಪುಟ್ಟ ವಿಡಿಯೊಗಳು. ಕೂಸು ಆಕಳಿಸಿದ್ದು, ಸೀನಿದ್ದು, ಮುಷ್ಟಿ ಬಾಯಿಗೆ ತುರುಕಿಕೊಂಡದ್ದು. ಹಿಂದಿನಿಂದ ಒಂದು ಮೆಲುದನಿ, “ನಾಗರತ್ನಾ ಅತ್ತಿ ನೋಡಾಕತ್ತಾಳ, ಅತ್ತಿಗೊಂದು ನಗಿ ಕೊಡು” ಎನ್ನುತ್ತಿತ್ತು. ಸೌಮ್ಯಾ ಎಷ್ಟು ಒಳ್ಳೆಯವಳೆಂದು ನಾಗರತ್ನಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಳ ಬಿಚ್ಚಿದ ದಿನವೇ ರಾಯಾಪುರಕ್ಕೆ ಓಡಿ ಕೂಸನ್ನು ಎತ್ತಿಕೊಂಡಳು. ಅದು ಅವಳ ಮಾಸ್ಕು ನೋಡಿ ಚಿಟ್ಟನೆ ಚೀರಿತು. ಫಿಜಾಳ ಹೆಗಲೇರಿದ ಮೇಲೆಯೇ ಸುಮ್ಮನಾದದ್ದು. ಹೆಬ್ಬೆಟ್ಟಿನ ಕಾಲ ಶುರುವಾದದ್ದು ಆವತ್ತಿನಿಂದ.

ಐದು ವರ್ಷದ ಮೇಲೆ ಈಗ ಪ್ರಸಾದನಿಗೆ ಗಂಡುಕೂಸು. ಅವನು ತಾನೇ ಕಮರಿಪೇಟೆಗೆ ಬಂದು, “ಅಕ್ಕಾ, ಈ ಸಲ ಫೋನಿಲ್ಲ ಗೀನಿಲ್ಲ. ನೀನ ಬಂದು ಕಿವ್ಯಾಗ ಹೇಳಬೇಕು. ಅಪ್ಪನ ಹೆಸರು, ಶಿವಯೋಗೀಶ” ಎಂದ. ತೀರಿಹೋದ ಅಪ್ಪನ ಹೆಸರು ಕೇಳಿ ನಾಗರತ್ನಾ ಅತ್ತಳು, ನಕ್ಕಳು, ತಮ್ಮ ಬೇಡ ಬೇಡವೆಂದರೂ ಗಿರಮಿಟ್ಟು ತಿನ್ನಿಸಿದಳು. ಹೊಸ ಕುಂಚಿಗೆ ಹೊಲಿದು ಅಂಚಿಗೆ ಜರಿ ಹಚ್ಚಿದಳು.

ಹಿಂದಿನ ದಿನ ಮನೆಯವರ ಗ್ರೂಪಿನಲ್ಲಿ ಒಂದು ವಿಡಿಯೊ ಬಂತು. ಹಿರಿಯ ಮಗಳು ಶಾಂಭವಿಯನ್ನು ಪ್ರಸಾದ ಕೇಳುತ್ತಿದ್ದ: “ತಮ್ಮಗ ಯಾರು ಹೆಸರಿಡ್ತಾರ?”

“ಫಿಜಾ ಅತ್ತಿ! ನನಗೂ ಆಕಿನ ಇಟ್ಟಾಳ!”

ಬಳಗವೆಲ್ಲ ನಗುವ ಮುಖಗಳನ್ನು ಕಳಿಸಿತು. ನಾಗರತ್ನಾ ಫೋನ್ ಬಂದ್ ಮಾಡಿ, “ನಾ ಹೋಗಂಗಿಲ್ಲ” ಎಂದಳು.

“ಬ್ಯಾಡ ಬಿಡು,” ಎಂದ ರಾಜಶೇಖರ. “ಸೀರಿ ತಗದಿಡು, ನಾನ ಉಟಕೊಂಡು ಹೋಗತೇನಿ. ಹೆಸರಿಟ್ಟು ಗುದ್ದಿಸಿಕೊಂಡು ಬರತೇನಿ.”

ಸಿಟ್ಟಿನಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ರಾಯಾಪುರದಲ್ಲಿದ್ದಳು.

ಬಚ್ಚಲಲ್ಲಿ ನೀರಿನ ಸದ್ದು. ಈರವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಒಳಗೆ ಮಣೆಯ ಮೇಲೆ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎರೆಯುತ್ತಿದ್ದವಳು ಫಿಜಾ. ಗಬ್ಬೂರಿಗೆ ಮದುವೆಯಾಗಿ ಹೋದವಳು ನಸುಕಿನಲ್ಲೇ ಎದ್ದು ಬಂದಿದ್ದಳು. ನಾಗರತ್ನಾಳನ್ನು ಕಂಡು ಅವಳು ಕೂಸಿನ ಮೇಲೆ ಬಾಗಿ ಮೆಲ್ಲಗೆ, “ನಾಗರತ್ನಾ ಅತ್ತಿ ಬಂದಾಳ ನೋಡೋ, ಅತ್ತಿಗೊಂದು ನಗಿ ಕೊಡು” ಎಂದಳು.

ನಾಗರತ್ನಾ ನಿಂತಲ್ಲೇ ನಿಂತಳು. ಆ ದನಿ! ನೂರು ಸಲ ಕೇಳಿ ಕಣ್ಣೊರೆಸಿಕೊಂಡ ದನಿ.

“ಅಯ್ಯ ನಮ್ಮವ್ವಾ, ಆ ವಿಡಿಯೊ ನೀ ಕಳಸ್ತಿದ್ದೇನು?”

“ಹೂಂರಿ ಅಕ್ಕಾರ,” ಎಂದಳು ಫಿಜಾ, ಅದೇನು ದೊಡ್ಡ ಮಾತೆಂಬಂತೆ. “ಸೌಮ್ಯಕ್ಕಗ ಆಗ ಮೈಯಾಗ ಆರಾಮಿರಲಿಲ್ಲ. ನೀವಲ್ಲಿ ಅಳಾಕತ್ತೀರಂತ ಅವ್ವಾರು ಹೇಳ್ತಿದ್ರು. ಅದಕ್ಕ ಅಕ್ಕನ ಫೋನ್ ತಗೊಂಡು, ಕೂಸು ಏನ್ ಮಾಡಿದ್ರೂ ನಿಮಗ ಕಳಿಸಿಬಿಡ್ತಿದ್ದೆ.”

ಈರವ್ವ ಕುರ್ಚಿಯಿಂದಲೇ ಗದರಿದಳು: “ಕೂಸಿನ್ನ ಎರದವರು ಯಾರು, ಬಾಣಂತಿಗೆ ಬಿಸಿ ಅನ್ನ ಹಾಕಿದವರು ಯಾರು? ನನ್ನ ಮೊಣಕಾಲು ಮಡಚತಿದ್ವೇನು? ಹೇಳೂಣಂದ್ರ, ಈಕಿ ಹೆಸರು ಎತ್ತಿದ್ರ ಸಾಕು, ಫೋನ್ ಇಡ್ತಿದ್ದಿ ನೀನು.”

ಅದು ನಿಜವೇ ಆಗಿತ್ತು. ನಾಗರತ್ನಾಳ ಮುಖ ಕೆಂಪಾಯಿತು. ಕೂಸಿನ ಬೆನ್ನಿಗೆ ನೀರು ಹಾಕುತ್ತ ಫಿಜಾಳೇ ಹೇಳಿದಳು: “ಅಕ್ಕಾರ, ಹೆಸರಿಡೂ ಹೊತ್ತಿನ್ಯಾಗ ನಾ ಅಡಗಿ ಮನ್ಯಾಗ ಇರ್ತೇನಿ. ಶಾಂಭವಿ ನನ್ನ ನೋಡಿದ್ರ ಹಟಾ ಮಾಡ್ತಾಳ.”

ಆದರೆ ಶಾಂಭವಿಗೆ ಹಟ ಮಾಡಲು ಯಾರನ್ನೂ ನೋಡಬೇಕಾಗಿರಲಿಲ್ಲ. ಮಂದಿ ನೆರೆದು, ಜೋಗುಳ ಮುಗಿದು, ನಾಗರತ್ನಾ ತೊಟ್ಟಿಲ ಹತ್ತಿರ ಬಂದದ್ದೇ ಅವಳು ಎರಡೂ ಕೈ ಚಾಚಿ ಅಡ್ಡ ನಿಂತಳು. “ಫಿಜಾ ಅತ್ತಿ ಎಲ್ಲಿ? ಆಕಿ ಬಂದ ಮ್ಯಾಲ!” ಸೌಮ್ಯಾ ಮಗಳನ್ನು ಎಳೆಯಲು ಹೋದಳು. ಪ್ರಸಾದ ನೆಲ ನೋಡಿದ. ಹೆಂಗಸರೆಲ್ಲ ನಾಗರತ್ನಾಳ ಮುಖವನ್ನೇ ನೋಡುತ್ತಿದ್ದರು, ಈಗ ಏನೋ ಆಗುತ್ತದೆಂದು.

ನಾಗರತ್ನಾ ಸೀದಾ ಅಡುಗೆಮನೆಗೆ ನಡೆದಳು. ಕಣಕ ನಾದುತ್ತಿದ್ದ ಫಿಜಾಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

“ಬ್ಯಾಡ್ರಿ ಅಕ್ಕಾರ, ಇದು ನಿಮ್ಮ ಹಕ್ಕು...”

“ಹಕ್ಕಂತ ಹಕ್ಕು! ನಾ ಇಲ್ಲದಾಗ ನಮ್ಮ ಕೂಸಿನ ಕಿವಿ ಖಾಲಿ ಬಿಡಲಿಲ್ಲ ನೀನು. ನನ್ನ ಜೀವಾನೂ ಹಿಡದಿ. ನಿನ್ನ ಉಪಕಾರ ತಿಳಿಯಾಕ ನನಗ ಐದು ವರ್ಷ ಹಿಡೀತು, ಎಂಥಾ ಮಳ್ಳಿ ನಾನು. ಬಲಗಿವಿ ನಂದು, ಎಡಗಿವಿ ನಿಂದು. ಬಾಗು!”

ಇಬ್ಬರೂ ಬಾಗಿದರು. ಎರಡು ಕಡೆಯಿಂದ ‘ಕುರ್ರ್’ ಬಂದದ್ದಕ್ಕೆ ಕೂಸು ಕಣ್ಣರಳಿಸಿತು. ಅಜ್ಜನ ಹೆಸರು ಅದರ ಎರಡೂ ಕಿವಿಗಳಲ್ಲಿ ಬಿತ್ತು. ಆಮೇಲೆ ಶುರುವಾಯಿತು ನೋಡಿ ಗುದ್ದು! ಈರವ್ವನಂತೂ ಕುರ್ಚಿ ಬಿಟ್ಟು ಎದ್ದು ಬಂದು ಮಗಳಿಗೆ ಒಂದು, ಫಿಜಾಳಿಗೆ ಒಂದು, ಮತ್ತೆ ಮಗಳಿಗೆ ಇನ್ನೊಂದು ಹಾಕಿದಳು. ನಾಗರತ್ನಾ “ಅಯ್ಯಯ್ಯೋ, ಸತ್ತೆ” ಎನ್ನುತ್ತಲೇ ಬೆನ್ನನ್ನು ಇನ್ನಷ್ಟು ಒಡ್ಡಿದಳು. ಅವಳಿಗೆ ಅಷ್ಟು ಸಂತೋಷವಾಗಿತ್ತು.

ಗದ್ದಲ ಇಳಿಯುವಾಗ ಫಿಜಾ ಶಾಂಭವಿಯನ್ನು ಹತ್ತಿರ ಎಳೆದು ಏನೋ ಹೇಳಿದಳು. ಹುಡುಗಿ ಯೋಚಿಸಿದಳು, ಹೂಂ ಎಂದು ತಲೆ ಅಲ್ಲಾಡಿಸಿದಳು, ಓಡಿ ಬಂದು ನಾಗರತ್ನಾಳ ಸೆರಗು ಜಗ್ಗಿದಳು. ಜಡೆ ಸರಿಸಿ, ಕುತ್ತಿಗೆ ವಾರೆ ಮಾಡಿ, ಕಿವಿ ಕೊಟ್ಟು ನಿಂತಳು.

“ಅತ್ತಿ, ನಂದೂ ಹೇಳು. ನೀ ನನಗ ಹೇಳೋದು ಉಳದೈತಂತ.”

ನಾಗರತ್ನಾ ಮೊಣಕಾಲೂರಿದಳು. ಬಾಯಿ ತೆರೆದಳು. ಕಣ್ಣು ತುಂಬಿ ಆ ಪುಟ್ಟ ಕಿವಿಯೇ ಮಸುಕಾಯಿತು.

“ಲಗೂ ಹೇಳತ್ತಿ. ಮೊದಲ ಕುರ್ರ್ ಅನಬೇಕು.”

“ಕುರ್ರ್... ಶಾಂಭವಿ.”

ಕಚಗುಳಿಯಾಗಿ ಹುಡುಗಿ ಹೆಗಲು ಕುಣಿಸಿ ಕಿಲಕಿಲ ನಕ್ಕಳು. ಗುದ್ದಲು ಬಂದ ಹೆಂಗಸರನ್ನು “ತಡೀರಿ, ಇನ್ನೂ ಮುಗದಿಲ್ಲ” ಎಂದು ಕೈಯೆತ್ತಿ ನಿಲ್ಲಿಸಿ, ನಾಗರತ್ನಾಳ ಕಡೆ ಇನ್ನೊಂದು ಕಿವಿ ತಿರುಗಿಸಿದಳು.