ಗಾಜಿಗೆ ಅಂಟಿಸಿದ ಹೆಸರುಗಳು

ಎಂಬತ್ತೆಂಟನೇ ಇಸವಿಯ ಪುಷ್ಯದ ಚಳಿ. ಪೇಟೆಯಂಚಿನ ಉಲ್ಲಾಳದ ಜಗಲಿ ಜಗಲಿಯ ಮೇಲೂ ಅವರೆಕಾಯಿ ಸುಲಿಯುವ ಕೆಲಸ ನಡೆದಿತ್ತು. ಪಂಕಜಾ ಮಾತ್ರ ಕಾಳನ್ನು ಸಿಪ್ಪೆಯ ಗುಡ್ಡೆಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಿದ್ದಳು. ಅವಳ ಕಣ್ಣು ಎದುರುಮನೆ ಬೈರಪ್ಪನ ಬೇಲಿಗೂಟದ ಮೇಲಿತ್ತು. ಮೂರು ದಿನದಿಂದ ಅವನ ಹಾಲಿನ ಕ್ಯಾನು ಅಲ್ಲಿ ಬೋರಲಾಗಿ ಕೂತಿತ್ತು.

"ಬಸ್ಸು ಬರೋ ಹೊತ್ತಾಯ್ತು ಕಣೇ," ಎಂದಳು ತಾಯಿ. "ಸಾಯಂಕಾಲ ಬೈರಪ್ಪನ ಮನೆ ಚೊಂಬು ಕೊಟ್ಟು ಬಾ. ಬೆಣ್ಣೆ ಕಳಿಸಿದ್ರು. ಬರಿದು ಕೊಡ್ಬಾರ್ದು, ಕಾಳು ತುಂಬಿಡ್ತೀನಿ."

ಪಂಕಜಾ ಕೆಲಸಕ್ಕಿದ್ದುದು ವಿಜಯನಗರದ ಒಂದು ಸಣ್ಣ ಡೈರಿಯಲ್ಲಿ. ಊರೂರಿನ ಹಾಲಿನ ಮಾದರಿ ಬಾಟಲಿಗಳು ಅಲ್ಲಿಗೆ ಬರುತ್ತಿದ್ದವು. ಯಾರ ಹಾಲಿನಲ್ಲಿ ಎಷ್ಟು ಜಿಡ್ಡು ಎಂಬುದನ್ನು ಅವಳು ಹೊಸ ಕಂಪ್ಯೂಟರಿಗೆ ತುಂಬಬೇಕು. ಎಡಕ್ಕೆ ಹೆಸರು, ಮೇಲೆ ತಾರೀಖು. ತಿಂಗಳು ಮುಂದೆ ಹೋದಂತೆ ಪರದೆ ಬಲಕ್ಕೆ ಸರಿದು ಹೆಸರುಗಳೇ ಮರೆಯಾಗುತ್ತಿದ್ದವು. ಅದಕ್ಕೆ ಅವಳು ಹೆಸರು ಬರೆದ ಕಾಗದದ ಪಟ್ಟಿಯೊಂದನ್ನು ಗಂಜಿ ಹಚ್ಚಿ ಗಾಜಿನ ಎಡ ಅಂಚಿಗೆ ಅಂಟಿಸಿಕೊಂಡಿದ್ದಳು.

ಹಾಗೆ ತುಂಬಿದ ಲೆಕ್ಕವನ್ನೇ ಮೂರು ದಿನದ ಹಿಂದೆ ಡೈರಿಯ ಏಜೆಂಟ್ ಗಂಗಾಧರಯ್ಯ ಉಲ್ಲಾಳದಲ್ಲಿ ಹಾಲು ಹಾಕುವವರ ಎದುರು ಓದಿದ್ದ. "ಏನ್ ಬೈರಪ್ಪ, ಮನೇಲಿ ಎಮ್ಮೆ ಕಟ್ಟಿದೀಯೋ, ಕೊಳಾಯಿ ಕಟ್ಟಿದೀಯೋ? ಯಶೋದಮ್ಮನ ಸೀಮೆಹಸೂಗಿರೋ ಜಿಡ್ಡು ನಿನ್ನೆಮ್ಮೆಗಿಲ್ವಲ್ಲೋ!" ಸಾಲೆಲ್ಲ ನಕ್ಕಿತ್ತು. ಬೈರಪ್ಪ ಕ್ಯಾನು ಅಲ್ಲೇ ಬಗ್ಗಿಸಿ, ಹಾಲನ್ನು ಮಣ್ಣಿಗೆ ಸುರಿದು ಮನೆಗೆ ನಡೆದಿದ್ದ.

ಅವರೆ ಸುಲಿದಿಟ್ಟು ಪಂಕಜಾ ಡೈರಿಗೆ ಹೋದ ಹೊತ್ತಿಗೆ ಕಂಪ್ಯೂಟರ್ ಕಂಪನಿಯಿಂದ ಜಗದಾಂಬಾ ಬಂದಳು. ಧಾರವಾಡದ ಕಡೆಯವಳು, ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದಳು. ಪಟ್ಟಿ ನೋಡಿ ಬಾಯಿಗೆ ಸೆರಗು ಹಿಡಿದಳು.

"ಏನವ್ವಾ ಇದು, ದೃಷ್ಟಿ ತಾಗಬಾರ್ದಂತ ಅಂಟಿಸೀಯೇನು? ಹೆಸರಿನ ಬಲಕ್ಕ, ತಾರೀಖಿನ ಕೆಳಗ ಕರ್ಸರ್ ನಿಲ್ಲಿಸು. ಟೈಟಲ್ಸ್ ಅಂತ ಐತಲ್ಲ, ಅದನ್ನ ಒತ್ತು. ಈಗ ಎತ್ತ ಬೇಕಾದ್ರೂ ಓಡು, ಅವು ಕದಲೂದಿಲ್ಲ."

ಪಂಕಜಾ ಕೆಳಕ್ಕೆ ಓಡಿದಳು, ಬಲಕ್ಕೆ ಓಡಿದಳು. ತಾರೀಖು ತಲೆಯ ಮೇಲೆ, ಹೆಸರು ಪಕ್ಕದಲ್ಲಿ, ಅಲ್ಲಲ್ಲೇ ನಿಂತಿದ್ದವು. ಖುಷಿ ಒಂದು ಗಳಿಗೆಯದು. ಎಮ್ಮೆಹಾಲಿನ ದೊಡ್ಡ ಅಂಕಿ ಇದ್ದುದು ಯಶೋದಮ್ಮನ ಹೆಸರಿನೆದುರು. ಎಂದೋ ಪರದೆ ಒಂದು ಗೆರೆ ಮೇಲೆ ಸರಿದಿತ್ತು, ಅಂಟಿಸಿದ ಪಟ್ಟಿ ಸರಿದಿರಲಿಲ್ಲ. ಎಲ್ಲರ ಜಿಡ್ಡೂ ಪಕ್ಕದ ಗೆರೆಯವರಿಗೆ ಹೋಗಿತ್ತು. ಉಳಿದವರೆಲ್ಲ ಹಸುವಿನವರು, ಜಿಡ್ಡು ಹೆಚ್ಚುಕಮ್ಮಿ ಒಂದೇ, ಯಾರಿಗೂ ಗೊತ್ತಾಗಲಿಲ್ಲ. ಎಮ್ಮೆ ಇದ್ದವನು ಬೈರಪ್ಪನೊಬ್ಬನೇ.

ಸಂಜೆ ಅವಳು ಹೇಳಿದ್ದನ್ನೆಲ್ಲ ಗಂಗಾಧರಯ್ಯ ಕೇಳಿಸಿಕೊಂಡು ಅತ್ತಿತ್ತ ನೋಡಿದ. "ಸುಮ್ನಿರಮ್ಮ. ಇನ್ಮೇಲೆ ಸರಿಯಾಗಿ ಹಾಕು. ಜನಕ್ಕೆ ಗೊತ್ತಾದ್ರೆ ದಿನಾ ಜಗಳ, ಮೊದ್ಲು ಹೋಗೋದು ನಿನ್ ಕೆಲ್ಸ."

ಪಂಕಜಾ ಮನೆಯಲ್ಲಿ ಕೂರಲಾರದೆ ಕಾಳು ತುಂಬಿದ ಚೊಂಬು ಹಿಡಿದು ಬೈರಪ್ಪನ ಕೊಟ್ಟಿಗೆಗೆ ಹೋದಳು.

"ತಪ್ಪು ನಂದು ಮಾವ. ನಿಮ್ ಜಿಡ್ಡಿನ ಲೆಕ್ಕ ಯಶೋದಮ್ಮಂಗೆ ಹೋಗಿತ್ತು."

ಬೈರಪ್ಪ ಹುಲ್ಲು ಉದುರಿಸುತ್ತಲೇ ಇದ್ದ. "ಈ ಎಮ್ಮೆಗೆ ಹೇಳು. ಅದಕ್ಕೂ ಮರ್ಯಾದೆ ಐತೆ." ಆಮೇಲೆ ಚೊಂಬು ತೆಗೆದುಕೊಂಡು ಕಾಳನ್ನೆಲ್ಲ ಅವಳ ಸೆರಗಿಗೆ ಸುರಿದ. ಬರಿದಾದ ಚೊಂಬನ್ನು ಅವಳ ಕೈಗೇ ಇಟ್ಟ. "ಆ ಏಜೆಂಟು ಅಂದಿದ್ದು ಬೀದೀಲಿ. ನೀನು ಹೇಳ್ತಿರೋದು ಕೊಟ್ಟಿಗೇಲಿ. ಅಲ್ಲಿ ಹೇಳಿದ್ಮೇಲೆ ತುಂಬ್ಕೊಂಡು ಬಾ ಮಗ. ಅಲ್ಲೀವರ್ಗೂ ನಿಮ್ಮನೇಲೇ ಇರ್ಲಿ."

ಬೆಳಗ್ಗೆ ಹಾಲಿನ ಸಾಲಿಗೆ ಎಲ್ಲರಿಗಿಂತ ಮೊದಲು ಪಂಕಜಾ ಬಂದು ನಿಂತಳು. ಕೈಯಲ್ಲಿ ಬರೀ ಚೊಂಬು.

"ಏನಮ್ಮ, ಯಾವಾಗ ಹಸು ಕಟ್ಟಿದ್ರಿ?" ಎಂದ ಗಂಗಾಧರಯ್ಯ. ಅವನ ನಗು ಅರ್ಧಕ್ಕೇ ನಿಂತಿತು.

ಅವಳು ಸಾಲು ತುಂಬುವವರೆಗೂ ಕಾಲು ಬದಲಿಸುತ್ತ ಕಾದಳು. ಯಶೋದಮ್ಮನೂ ಬಂದಳು. ಆಗ ಪಂಕಜಾ ತಿರುಗಿ ನಿಂತು, "ಬೈರಪ್ಪ ಮಾವ ನೀರು ಹಾಕಿರ್ಲಿಲ್ಲ. ಲೆಕ್ಕ ತಪ್ಪು ತುಂಬಿದ್ದು ನಾನು," ಎಂದಳು. ಎಲ್ಲರೂ ಕೇಳಿಸದವರಂತೆ ನಿಂತಿದ್ದರು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.

ಬೀದಿಯ ಆ ಕೊನೆಯಲ್ಲಿ ಬೈರಪ್ಪನ ಬೇಲಿಗೂಟದ ಮೇಲಿನ ಕ್ಯಾನು ಇನ್ನೂ ಬೋರಲಾಗಿಯೇ ಇತ್ತು.